ಪುರಸಭೆ ಚುನಾವಣೆಯಲ್ಲಿ ಮತದಾರರನ್ನು ತಲುಪಲು ವಾಟ್ಸಾಪ್ ಗುಂಪು ಸಾಕೇ, ಮನೆಮನೆಗೆ ಹೋಗಲೇಬೇಕೇ?

ಪಕ್ಷವು ನಿಮಗೆ ಮೊದಲ ಬಾರಿಗೆ ವಾರ್ಡಿನ ಉಸ್ತುವಾರಿ ವಹಿಸಿದೆ, ಮುಂದೆ ಪ್ರಚಾರಕ್ಕೆ ಸಿಗುವ ಹದಿನೈದು ದಿನಗಳನ್ನು ಯಾವುದಕ್ಕೆ ಕೊಡಲಿ ಎಂದು ಕೇಳಿದ್ದೀರಿ. 2018ರಲ್ಲಿ ಇದೇ ಪ್ರಶ್ನೆಯನ್ನು ನಾನು ನಮ್ಮ ತಾಲ್ಲೂಕು ಅಧ್ಯಕ್ಷರಿಗೆ ಕೇಳಿದ್ದೆ. ಎರಡನ್ನೂ ಮಾಡು ಎಂದರು. ಎರಡನ್ನೂ ಮಾಡಿದೆ. ನಮ್ಮ ಅಭ್ಯರ್ಥಿ 11 ಮತಗಳಿಂದ ಸೋತರು.

ಆ ವರ್ಷ ಆಗಸ್ಟ್ 31ರಂದು ಮೈಸೂರು, ತುಮಕೂರು, ಶಿವಮೊಗ್ಗ ಮಹಾನಗರ ಪಾಲಿಕೆಗಳ ಜೊತೆಗೆ ರಾಜ್ಯದ ನೂರಕ್ಕೂ ಹೆಚ್ಚು ಊರುಗಳಲ್ಲಿ ಮತದಾನ ನಡೆಯಿತು. ಬಯಲುಸೀಮೆಯ ನಮ್ಮ ಪುರಸಭೆಯೂ ಅವುಗಳಲ್ಲಿ ಒಂದು. ವಿಧಾನಸೌಧದಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಕೂಡಿ ಸರ್ಕಾರ ನಡೆಸುತ್ತಿದ್ದರೂ ಊರುಗಳಲ್ಲಿ ಎದುರುಬದುರಾಗಿ ನಿಂತಿದ್ದವು. ಬಿಜೆಪಿಯೂ ಸೇರಿ ಮೂರು ಪಕ್ಷಗಳು, ಅವುಗಳ ಟಿಕೆಟ್ ಸಿಗದೆ ಬಂಡೆದ್ದವರು ಎಲ್ಲರೂ ಕಣದಲ್ಲಿದ್ದ ಕಾರಣ, ಸಾವಿರದ ಚಿಲ್ಲರೆ ಮತಗಳಿರುವ ಒಂದು ವಾರ್ಡಿನಲ್ಲಿ ನಾಲ್ಕು ಮನೆಗಳ ನಿರ್ಧಾರವೇ ಫಲಿತಾಂಶವನ್ನು ಬದಲಿಸುವ ಸ್ಥಿತಿ ಇತ್ತು. ನಮ್ಮ ವಾರ್ಡು ಮಹಿಳೆಗೆ ಮೀಸಲಾಗಿತ್ತು. ಹೊಲಿಗೆ ಕೆಲಸ ಮಾಡುತ್ತಿದ್ದ ನಮ್ಮ ಅಭ್ಯರ್ಥಿಯನ್ನು ಬೀದಿಯ ಹೆಂಗಸರೆಲ್ಲ ಬಲ್ಲರು. ಇವರೇ ನಮ್ಮ ಅಧಿಕೃತ ಅಭ್ಯರ್ಥಿ ಎಂದು ಪಕ್ಷ ಬರೆದುಕೊಡುವ ಬಿ ಫಾರಂ ಅವರ ಕೈಗೆ ಸಿಕ್ಕಿದ್ದು ನಾಮಪತ್ರ ಸಲ್ಲಿಸುವ ಕೊನೆಯ ದಿನ.

ಈಗ ನನ್ನ ತಪ್ಪನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ನೀವೂ ಇದನ್ನೇ ಮಾಡುವ ಸಾಧ್ಯತೆ ಹೆಚ್ಚು. ಅದೇ ವರ್ಷದ ಮೇ ತಿಂಗಳಲ್ಲಿ ವಿಧಾನಸಭಾ ಚುನಾವಣೆ ಮುಗಿದಿತ್ತು. ಆಗ ಬಳಸಿದ ಮತದಾರರ ಪಟ್ಟಿ ನಮ್ಮ ಬಳಿ ಸಿದ್ಧವಾಗಿತ್ತು: ಪುಟಕ್ಕೆ ಸುಮಾರು ಮೂವತ್ತು ಹೆಸರು, ಆ ಹೆಸರುಗಳನ್ನು ನೋಡಿಕೊಳ್ಳಲು ಪುಟಕ್ಕೊಬ್ಬ ಪ್ರಮುಖ, ಪ್ರತಿ ಮನೆಯ ಮುಂದೆ ಮೊಬೈಲ್ ಸಂಖ್ಯೆ. ಅಷ್ಟು ಶ್ರಮದಿಂದ ಮಾಡಿದ ಪಟ್ಟಿ ಇರುವಾಗ ಇನ್ನೊಂದು ಏಕೆ ಬೇಕು ಎಂದುಕೊಂಡೆ. ಆದರೆ ವಿಧಾನಸಭೆಯ ಪಟ್ಟಿ ಭಾಗವಾರು, ಅಂದರೆ ಒಂದೊಂದು ಮತಗಟ್ಟೆಗೆ ಒಂದೊಂದು ಭಾಗವಾಗಿ ಇರುತ್ತದೆ. ಪುರಸಭೆಗೆ ಅದೇ ಹೆಸರುಗಳನ್ನು ವಾರ್ಡುವಾರು ಒಡೆದು ರಾಜ್ಯ ಚುನಾವಣಾ ಆಯೋಗವು ಬೇರೆ ಪಟ್ಟಿಯನ್ನು ಮಾಡಿಸುತ್ತದೆ. ಅದರಲ್ಲಿ ಕ್ರಮಸಂಖ್ಯೆ ಬದಲಾಗುತ್ತದೆ, ಮತಗಟ್ಟೆಯೂ ಬದಲಾಗಬಹುದು. ಮೇಲಾಗಿ ಆ ಚುನಾವಣೆಗೆ ಮುಂಚೆ 2011ರ ಜನಗಣತಿಯನ್ನು ಆಧರಿಸಿ ವಾರ್ಡುಗಳ ಗಡಿಗಳನ್ನು ಹೊಸದಾಗಿ ಗುರುತಿಸಿದ್ದರು. ನಮ್ಮ ಕಡೆಯ ಒಂದು ಅಡ್ಡರಸ್ತೆ ಪಕ್ಕದ ವಾರ್ಡಿಗೆ ಹೋಗಿತ್ತು, ಕೆರೆ ಏರಿಯ ಹಿಂದಿನ ಓಣಿಯೊಂದು ನಮ್ಮ ವಾರ್ಡಿಗೆ ಬಂದಿತ್ತು. ವಾರ್ಡಿನ ಕರಡು ಪಟ್ಟಿಯನ್ನು ಪುರಸಭೆಯಿಂದ ನಾನೇ ತಂದಿದ್ದೆ. ಅದನ್ನು ಬಿಚ್ಚಿ ಹಳೆಯ ಪಟ್ಟಿಯ ಜೊತೆ ಹೋಲಿಸಿ ನೋಡಲು ಒಂದು ಸಂಜೆ ಸಾಕಿತ್ತು. ಆ ಒಂದು ಸಂಜೆಯನ್ನು ನಾನು ಕೊಡಲಿಲ್ಲ.

ಹೀಗಾಗಿ ನಮಗೆ ಮತ ಹಾಕಲು ಸಾಧ್ಯವೇ ಇಲ್ಲದ ಅಡ್ಡರಸ್ತೆಗೆ ಅಭ್ಯರ್ಥಿಯನ್ನು ನಾಲ್ಕು ಸಲ ಕರೆದುಕೊಂಡು ಹೋದೆ. ನಮ್ಮದೇ ಆಗಿದ್ದ ಕೆರೆ ಏರಿಯ ಓಣಿಗೆ ಒಮ್ಮೆಯೂ ಹೋಗಲಿಲ್ಲ. ಮತದಾರರಿಗೆ ಅವರ ಹೆಸರು, ಸಂಖ್ಯೆ ಬರೆದು ಹಂಚಿದ ಚೀಟಿಗಳಲ್ಲೆಲ್ಲ ಹಳೆಯ ಕ್ರಮಸಂಖ್ಯೆಗಳೇ ಇದ್ದವು. ಮತದಾನದ ದಿನ ಬೆಳಿಗ್ಗೆ ನಮ್ಮ ಚೀಟಿ ಹಿಡಿದು ಬಂದವರ ಹೆಸರನ್ನು ಏಜೆಂಟರು ಎಷ್ಟು ಹುಡುಕಿದರೂ ಆ ಸಂಖ್ಯೆಯಲ್ಲಿ ಬೇರೆ ಯಾರದೋ ಹೆಸರು. ಕೆಲವರು ಸಾಲಿನಲ್ಲಿ ಮತ್ತೆ ನಿಂತರು, ಕೆಲವರು ಕೂಲಿಗೆ ಹೊತ್ತಾಯಿತೆಂದು ಹೊರಟುಹೋದರು. ಆಟೋದಲ್ಲಿ ಬಂದಿದ್ದ ಅಡ್ಡರಸ್ತೆಯ ಅಜ್ಜಿಯೊಬ್ಬರನ್ನು ಊರಿನ ಇನ್ನೊಂದು ತುದಿಯ ಶಾಲೆಗೆ ಹೋಗಬೇಕೆಂದು ವಾಪಸು ಕಳಿಸಿದರು. ಅವರು ನನ್ನನ್ನು ಕಂಡು, "ನಾಲ್ಕು ಸಲ ಬಂದು ಕೈ ಮುಗಿದ್ಯಲ್ಲಪ್ಪ, ನನ್ನ ಹೆಸರು ಎಲ್ಲೈತೆ ಅಂತ ಒಂದು ಸಲ ನೋಡಬಾರದಿತ್ತಾ?" ಎಂದರು. ಅವರ ಮತ ನಮ್ಮ ಅಭ್ಯರ್ಥಿಗೆ ಸೇರಬೇಕಾದದ್ದಾಗಿರಲಿಲ್ಲ. ಆದರೂ ಆ ದಿನ ಅವರು ಮತ ಹಾಕದೆ ಮನೆಗೆ ಹೋದದ್ದು ನನ್ನಿಂದಲೇ.

ಗೆದ್ದವರು ನಮ್ಮ ಪಕ್ಷದಲ್ಲಿಯೇ ಟಿಕೆಟ್ ಕೇಳಿ ಸಿಗದೆ ಪಕ್ಷೇತರರಾಗಿ ನಿಂತ ಹೆಣ್ಣುಮಗಳು. ಅವರಿಗೆ ವಾಟ್ಸಾಪ್ ಗುಂಪಿರಲಿಲ್ಲ, ತಮಟೆಯವರೂ ಇರಲಿಲ್ಲ. ಚುನಾವಣೆಗೆ ಎರಡು ವರ್ಷ ಮೊದಲಿನಿಂದ ವೃದ್ಧಾಪ್ಯ ವೇತನ, ವಿಧವಾ ವೇತನದ ಅರ್ಜಿಗಳನ್ನು ಬರೆದುಕೊಟ್ಟು, ತಾವೇ ಜೊತೆಯಲ್ಲಿ ನಾಡಕಚೇರಿಗೆ ಹೋಗುತ್ತಿದ್ದರು. ಕೊನೆಯ ವಾರ ನಲ್ಲಿ ನೀರು ಬಿಡುವ ಹೊತ್ತಿಗೆ ವಾರ್ಡಿನ ಅಂತಿಮ ಪಟ್ಟಿ ಹಿಡಿದು ಓಣಿಯ ತುದಿಯಲ್ಲಿ ಕೂತು, ಬಂದವರಿಗೆಲ್ಲ ನಿಮ್ಮ ಸಂಖ್ಯೆ ಇಷ್ಟು, ನಿಮ್ಮ ಮತಗಟ್ಟೆ ಇಂಥದ್ದು ಎಂದು ಓದಿ ಹೇಳಿದರು. ಕೆರೆ ಏರಿಯ ಓಣಿಗೆ ಹೋದ ಅಭ್ಯರ್ಥಿ ಅವರೊಬ್ಬರೇ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವಾಟ್ಸಾಪೋ ಮನೆ ಭೇಟಿಯೋ ಎಂದು ಕೇಳುವಾಗ, ಯಾರ ಬಳಿಗೆ ಹೋಗಬೇಕು ಎಂಬುದು ಮೊದಲೇ ಗೊತ್ತಿದೆ ಎಂದು ನೀವು ಭಾವಿಸಿದ್ದೀರಿ. ನನ್ನ ಗುಂಪಿನಲ್ಲಿ 214 ಜನರಿದ್ದರು. ಸೋತ ಮೇಲೆ ಕೂತು ನೋಡಿದರೆ ಅರ್ಧಕ್ಕಿಂತ ಹೆಚ್ಚು ಮಂದಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಹುಡುಗರು, ಮತದಾನಕ್ಕೆ ಬರಲು ರಜೆ ಸಿಗದವರು. ಮನೆ ಭೇಟಿಯೆಂದು ನಾವು ಮಾಡಿದ್ದು, ಇಪ್ಪತ್ತು ಜನ ತಮಟೆಯೊಂದಿಗೆ ನುಗ್ಗಿ, ಕರಪತ್ರ ಕೊಟ್ಟು, ಎರಡು ನಿಮಿಷದಲ್ಲಿ ಮುಂದಿನ ಬಾಗಿಲಿಗೆ ಹೋಗುವುದು. ಮನೆಯವರು ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನಾವು ಅಲ್ಲಿರುತ್ತಿರಲಿಲ್ಲ. ಅಭ್ಯರ್ಥಿಯ ಗಂಡನೇ ಎಲ್ಲ ಕಡೆ ಮಾತಾಡುತ್ತಿದ್ದರು. ಇದನ್ನು ನೀವು ಖಂಡಿತ ತಡೆಯಬೇಕು, ಏಕೆಂದರೆ ಹೆಂಗಸರು ನೀರಿನ ವಿಷಯ, ಚರಂಡಿಯ ವಿಷಯ ಹೇಳಿಕೊಳ್ಳುವುದು ಅಭ್ಯರ್ಥಿ ಒಬ್ಬಳೇ ಬಂದು ಜಗಲಿಯ ಮೇಲೆ ಕೂತಾಗ ಮಾತ್ರ.

ನೂರು ದಿನದಲ್ಲಿ ಕಾಂಕ್ರೀಟ್ ರಸ್ತೆ ಎಂಬಂಥ ಭರವಸೆಯನ್ನೂ ಅಚ್ಚು ಹಾಕಿಸಬೇಡಿ. 2018ರಲ್ಲಿ ಗೆದ್ದವರು ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ವಿವಾದ ನ್ಯಾಯಾಲಯದಲ್ಲಿದ್ದ ಕಾರಣ ಎರಡು ವರ್ಷ ಅಧಿಕಾರವಿಲ್ಲದೆ ಕಾಯಬೇಕಾಯಿತು. ರಸ್ತೆಯ ಮಾತು ಕೊಟ್ಟವರು ಆ ಎರಡು ವರ್ಷ ಜನರಿಗೆ ಉತ್ತರ ಹೇಳಲಾಗದೆ ಬಳಲಿದರು. ನಮ್ಮ ವಾರ್ಡಿನ ಸದಸ್ಯೆ ಮಾತ್ರ ಮೊದಲಿನಂತೆಯೇ ಅರ್ಜಿ ಬರೆದುಕೊಡುತ್ತಿದ್ದರು, ಅದಕ್ಕೆ ಅಧಿಕಾರ ಬೇಕಾಗಿರಲಿಲ್ಲ.

ನೀವು ಈಗಲೇ ಮಾಡಬೇಕಾದ ಕೆಲಸವೆಂದರೆ, ವಿಧಾನಸಭೆಯ ಪಟ್ಟಿಯಲ್ಲಿ ಹೆಸರಿಲ್ಲದವರಿಂದ ನಮೂನೆ 6, ಮನೆ ಬದಲಿಸಿದವರಿಂದ ನಮೂನೆ 8 ತುಂಬಿಸುವುದು. ವಾರ್ಡಿನ ಪಟ್ಟಿ ಅದರಿಂದಲೇ ತಯಾರಾಗುತ್ತದೆ. ವಾರ್ಡಿನ ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗೆ ಸಿಗುವುದು ಕೆಲವೇ ದಿನಗಳು. ರಜೆ ಹಾಕುವುದಿದ್ದರೆ ಪ್ರಚಾರದ ದಿನಗಳಿಗೆ ಬೇಡ, ಆ ದಿನಗಳಿಗೆ ಹಾಕಿ. ಗಡಿಯ ಓಣಿಗಳಿಂದ ಶುರುಮಾಡಿ, ಒಂದೊಂದು ಬಾಗಿಲಲ್ಲೂ ನಿಂತು, ಆ ಮನೆಯವರ ಹೆಸರು ಎಲ್ಲಿದೆ ಎಂದು ಅವರ ಎದುರಿಗೇ ಹುಡುಕಿ ತೋರಿಸಿ.