ಏಳುನೂರು ಕಿಲೋಮೀಟರಿಗೆ ಒಂದೂಮುಕ್ಕಾಲು ಗಂಟೆ ಏಕೆ?

ಪ್ರಶ್ನೆ: ನನ್ನ ತಾಯಿಯವರು ಮುಂದಿನ ತಿಂಗಳು ಮುಂಬಯಿಯಿಂದ ಮಂಗಳೂರಿಗೆ ಮೊದಲ ಬಾರಿ ಒಬ್ಬರೇ ವಿಮಾನದಲ್ಲಿ ಹೋಗಲಿದ್ದಾರೆ. ಎರಡು ನಿಲ್ದಾಣಗಳ ನಡುವೆ ಸುಮಾರು 715 ಕಿ.ಮೀ. ದೂರವಿದೆ, ವಿಮಾನವೋ ಗಂಟೆಗೆ 800 ಕಿ.ಮೀ.ಗಿಂತ ವೇಗವಾಗಿ ಹೋಗುತ್ತದೆ ಎನ್ನುತ್ತಾರೆ. ಆದರೂ ಟಿಕೆಟಿನಲ್ಲಿ 1 ಗಂಟೆ 40 ನಿಮಿಷ ಎಂದಿದೆ. ಕಾರ್ಕಳದಲ್ಲಿರುವ ತಮ್ಮನಿಗೆ ಎಷ್ಟು ಹೊತ್ತಿಗೆ ಹೊರಡಲು ಹೇಳಲಿ?
– ಓದುಗರು, ಡೊಂಬಿವಲಿ

ಉತ್ತರ: ನೀವು ಹೇಳಿದ ದೂರ ಸರಿಯಾಗಿಯೇ ಇದೆ. ಮುಂಬಯಿ ನಿಲ್ದಾಣ 19 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿಯೂ ಮಂಗಳೂರಿನ ನಿಲ್ದಾಣವಿರುವ ಬಜ್ಪೆ 13ರ ಹತ್ತಿರವೂ ಇವೆ. ಒಂದು ಡಿಗ್ರಿಗೆ 111 ಕಿ.ಮೀ. ಹಿಡಿದು, ಮಂಗಳೂರು ಎರಡು ಡಿಗ್ರಿ ಪೂರ್ವಕ್ಕಿರುವುದನ್ನೂ ಸೇರಿಸಿದರೆ ಅದೇ ಲೆಕ್ಕ ಬರುತ್ತದೆ. ಆದರೆ ಟಿಕೆಟಿನಲ್ಲಿರುವುದು ಹಾರಾಟದ ಸಮಯವಲ್ಲ. ವಿಮಾನವು ಮುಂಬಯಿಯಲ್ಲಿ ತಾನು ನಿಂತ ಜಾಗದಿಂದ ಕದಲಿದ ಗಳಿಗೆಯಿಂದ ಹಿಡಿದು ಮಂಗಳೂರಿನಲ್ಲಿ ಬಂದು ನಿಲ್ಲುವವರೆಗಿನ ಅವಧಿ ಅದು. ಈ ಕ್ಷೇತ್ರದವರು ಅದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ.

ಮುಂಬಯಿಯಲ್ಲಿ ರನ್‌ವೇಗಳು ಎರಡಿದ್ದರೂ ಅವು ಒಂದನ್ನೊಂದು ಅಡ್ಡ ಹಾಯುವುದರಿಂದ ಒಂದು ಸಮಯಕ್ಕೆ ಬಳಕೆಯಾಗುವುದು ಒಂದೇ. ಇಳಿಯುವ ವಿಮಾನಗಳ ನಡುವೆ ತೆರಪು ಸಿಗುವವರೆಗೆ ಏರುವ ವಿಮಾನಗಳು ಸರದಿಯಲ್ಲಿ ಕಾಯಬೇಕಾಗುತ್ತದೆ. ಹದಿನೈದು ಇಪ್ಪತ್ತು ನಿಮಿಷ ನೆಲದ ಮೇಲೆಯೇ ಕಳೆದರೆ ತಾಯಿಯವರು ಗಾಬರಿಪಡಬೇಕಾಗಿಲ್ಲವೆಂದು ಈಗಲೇ ತಿಳಿಸಿಡಿ. ಬಹುಪಾಲು ದಿನಗಳಲ್ಲಿ ವಿಮಾನ ಪಶ್ಚಿಮಕ್ಕೆ ಮುಖ ಮಾಡಿ ಏರಿ, ಸಮುದ್ರದ ಮೇಲೆ ಹೋಗಿ, ಆಮೇಲೆ ದಕ್ಷಿಣಕ್ಕೆ ತಿರುಗುತ್ತದೆ.

ಇನ್ನು ವೇಗದ ಮಾತು. ಗಂಟೆಗೆ 830 ಕಿ.ಮೀ. ಎಂಬುದು ಮೂವತ್ತು ಸಾವಿರ ಅಡಿಗೂ ಮೇಲೆ, ಸಮಮಟ್ಟದಲ್ಲಿ ಸಾಗುವಾಗಿನ ಮಾತು. ಹತ್ತು ಸಾವಿರ ಅಡಿಯ ಕೆಳಗೆ ಸಾಮಾನ್ಯವಾಗಿ 250 ನಾಟ್‌ಗಿಂತ, ಅಂದರೆ ಸುಮಾರು 460 ಕಿ.ಮೀ.ಗಿಂತ ಹೆಚ್ಚು ವೇಗ ಸಲ್ಲದು. ಇಳಿಯುವಾಗ ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿ.ಮೀ., ಎಂಬ ಲೆಕ್ಕ ಪೈಲಟ್‌ಗಳಲ್ಲಿ ರೂಢಿಯಲ್ಲಿದೆ. ಆ ಪ್ರಕಾರ 35 ಸಾವಿರ ಅಡಿಯಿಂದ ಇಳಿಯಲು ಮಂಗಳೂರು ಇನ್ನೂ ಸುಮಾರು 200 ಕಿ.ಮೀ. ಇರುವಾಗಲೇ ತೊಡಗಬೇಕು. ಏರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ ಬೇಕು. ಹೀಗಾಗಿ ಪೂರ್ಣ ವೇಗದಲ್ಲಿ ಸಾಗಲು ಉಳಿಯುವುದು ಮುನ್ನೂರು ಕಿ.ಮೀ. ಚಿಲ್ಲರೆ, ಇಪ್ಪತ್ತೆರಡು ಇಪ್ಪತ್ತಮೂರು ನಿಮಿಷದ ದಾರಿ. ಎಲ್ಲ ಸೇರಿ ಗಾಳಿಯಲ್ಲಿರುವುದು ಒಂದು ಗಂಟೆ ಐದು ಹತ್ತು ನಿಮಿಷ. ಮಿಕ್ಕದ್ದು ನೆಲದ ಮೇಲಿನ ಓಡಾಟ, ಜೊತೆಗೆ ಕಂಪನಿಯವರು ತಡವಾದೀತೆಂದು ಸೇರಿಸಿಕೊಂಡ ಕೆಲವು ನಿಮಿಷ. ಸರದಿ ಬೇಗ ಸಿಕ್ಕ ದಿನ ವಿಮಾನ ಹೇಳಿದ ಹೊತ್ತಿಗಿಂತ ಮೊದಲೇ ತಲುಪುವುದು ಇದರಿಂದಲೇ.

ಆದ್ದರಿಂದ ತಮ್ಮನವರು ಟಿಕೆಟಿನ ಸಮಯಕ್ಕಿಂತ ವಿಮಾನ ನೆಲ ಬಿಟ್ಟ ಸಮಯವನ್ನು ನೋಡುವುದು ಒಳ್ಳೆಯದು. ವಿಮಾನಗಳ ಚಲನೆ ತೋರಿಸುವ ಆ್ಯಪ್‌ನಲ್ಲಿ ಅದು ಮೇಲೇರಿದ್ದನ್ನು ನೀವು ಡೊಂಬಿವಲಿಯಲ್ಲಿಯೇ ಕುಳಿತು ನೋಡಿ ಅವರಿಗೆ ಫೋನ್ ಮಾಡಬಹುದು. ಕಾರ್ಕಳದಿಂದ ಆಗ ಹೊರಟರೂ, ಬ್ಯಾಗು ಬರಲು ಹಿಡಿಯುವ ಹೊತ್ತನ್ನು ಸೇರಿಸಿಕೊಂಡರೆ, ತಾಯಿಯವರು ಬಾಗಿಲಿಗೆ ಬರುವ ವೇಳೆಗೆ ಅವರು ಅಲ್ಲಿರುತ್ತಾರೆ. ಮಳೆಗಾಲವಾದರೆ ಮಾತ್ರ ಅರ್ಧ ಗಂಟೆ ಮೊದಲೇ ಹೊರಡಲಿ, ಘಟ್ಟದ ತಪ್ಪಲಿನ ರಸ್ತೆಯನ್ನು ನಂಬುವಂತಿಲ್ಲ. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯಲ್ಲಿದೆ. ಮೋಡ ಕವಿದು ದಾರಿ ಕಾಣದಿದ್ದರೆ ವಿಮಾನ ಮೇಲೆಯೇ ಸುತ್ತು ಹಾಕುತ್ತ ಕಾಯುವುದುಂಟು, ಒಮ್ಮೊಮ್ಮೆ ಬೇರೆ ಊರಿಗೆ ಹೋಗಿ ಇಳಿಯುವುದೂ ಉಂಟು. ತಾಯಿಯವರ ಕೈಚೀಲದಲ್ಲಿ ನಿಮ್ಮಿಬ್ಬರ ಫೋನ್ ನಂಬರ್ ಬರೆದ ಚೀಟಿಯನ್ನೂ ಒಂದು ಹೊತ್ತಿನ ಮಾತ್ರೆಗಳನ್ನೂ ಇಟ್ಟು ಕಳುಹಿಸಿ.