ಸ್ಟ್ರೇಟ್-ಪುಲ್ ರೈಫಲ್ ಬೋಲ್ಟ್-ಆ್ಯಕ್ಷನ್‌ಗಿಂತ ಮೇಲೇ?

ಜರ್ಮನಿಯಲ್ಲಿ ನೆಲೆಸಿ ಅಲ್ಲಿನ ಬೇಟೆ ಪರವಾನಗಿ ಪಡೆದಿರುವ ತಮ್ಮನಿಗೆ ಸ್ಟ್ರೇಟ್-ಪುಲ್ ರೈಫಲ್ ಲೇಸೋ, ಹಳೆಯ ಬೋಲ್ಟ್-ಆ್ಯಕ್ಷನ್ ಸಾಕೋ ಎಂದು ಬೀದರಿನಿಂದ ಕೇಳಿದ್ದೀರಿ. ನಾಯಿಗಳು ಎಬ್ಬಿಸಿದ ಕಾಡುಹಂದಿ ಓಡಿಬರುವಾಗ ಗುಂಡು ಹಾರಿಸುವ ಬೇಟೆಗಾದರೆ ಮಾತ್ರ ಹೆಚ್ಚಿನ ಹಣಕ್ಕೆ ಅರ್ಥವಿದೆ ಎಂಬುದು ನನ್ನ ಅಭಿಪ್ರಾಯ.

ಬೋಲ್ಟ್-ಆ್ಯಕ್ಷನ್‌ನಲ್ಲಿ ಪ್ರತಿ ಗುಂಡಿನ ನಂತರ ಬೋಲ್ಟ್‌ನ, ಅಂದರೆ ನಳಿಗೆಯ ಹಿಂಬದಿಯನ್ನು ಮುಚ್ಚುವ ಅಗುಳಿಯ, ಹಿಡಿಯನ್ನು ಮೇಲೆತ್ತಿ, ಹಿಂದಕ್ಕೆಳೆದು, ಮುಂದೆ ನೂಕಿ, ಮತ್ತೆ ಕೆಳಗಿಳಿಸಬೇಕು. ಬ್ಲೇಸರ್ ಆರ್8ನಂಥ ಸ್ಟ್ರೇಟ್-ಪುಲ್‌ನಲ್ಲಿ ಎಳೆದು ನೂಕಿದರೆ ಮುಗಿಯಿತು, ಹಾಗಾಗಿ ಸ್ಕೋಪಿನಿಂದ (ಗುರಿ ಹಿಡಿಯುವ ದುರ್ಬೀನು) ಕಣ್ಣು ತೆಗೆಯದೆಯೇ ಎರಡನೆಯ ಗುಂಡು ಸಿದ್ಧವಾಗುತ್ತದೆ. ಹಿಮದ ಮೇಲೆ ಸ್ಕೀ ಓಟದ ನಡುವೆ ಗುರಿಗೆ ಗುಂಡು ಹಾರಿಸುವ ಬಯಾಥ್ಲಾನ್ ಸ್ಪರ್ಧಿಗಳು ಇಂಥ ರಚನೆಯನ್ನು ನೆಚ್ಚಿರುವುದೂ ಈ ವೇಗಕ್ಕಾಗಿಯೇ. ಆದರೆ ಮೊದಲ ಗುಂಡಿನ ನಿಖರತೆ ನಳಿಗೆ, ಮದ್ದುಗುಂಡು ಮತ್ತು ಟ್ರಿಗರ್‌ಗಳನ್ನು ಅವಲಂಬಿಸಿದೆಯೇ ಹೊರತು ಬೋಲ್ಟ್ ಚಲಿಸುವ ಬಗೆಯನ್ನಲ್ಲ.

ಹಳೆಯದರ ಬಲ ಬೇರೆಡೆ ಇದೆ. ಯಾದಗಿರಿ ಕಡೆಯ ನಮ್ಮ ಹೊಲದಲ್ಲಿ, ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದಿದ್ದ ನಮ್ಮ ಮುತ್ಯಾರ .315 ಬೋಲ್ಟ್-ಆ್ಯಕ್ಷನ್ ರೈಫಲ್‌ನಲ್ಲಿ ಒಮ್ಮೆ ಖಾಲಿ ಕಾಡತೂಸು ಕಚ್ಚಿಕೊಂಡಿತ್ತು. ಅವರು ಅಂಗೈಯಿಂದ ಹಿಡಿಯನ್ನು ಮೇಲಕ್ಕೆ ಗುದ್ದಿದ್ದೇ ತಡ, ಅದು ಸಡಿಲಗೊಂಡು ಹೊರಬಿತ್ತು. ಹಿಡಿ ತಿರುಗುವಾಗ ಒಳಗಿನ ಇಳಿಜಾರು ಸನ್ನೆಗೋಲಿನಂತೆ ಕಾಡತೂಸನ್ನು ಮೀಟುತ್ತದೆ. ನೇರ ಎಳೆತದಲ್ಲಿ ಈ ಅನುಕೂಲ ಕಡಿಮೆ. ಕೆನಡಾದ ಸ್ಟ್ರೇಟ್-ಪುಲ್ ರಾಸ್ ರೈಫಲ್ ಮೊದಲ ಮಹಾಯುದ್ಧದ ಕೆಸರಿನಲ್ಲಿ ಕೈಕೊಟ್ಟಿತ್ತು, ಇಂದಿನವು ಅಷ್ಟು ಸೂಕ್ಷ್ಮವಲ್ಲ.

ಅಂದಹಾಗೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ನಮ್ಮಲ್ಲಿ ತೊಗರಿ ಹೊಲಕ್ಕೆ ನುಗ್ಗುವ ಕೃಷ್ಣಮೃಗಕ್ಕೂ ಗುರಿಯಿಡುವಂತಿಲ್ಲ, ಆದ್ದರಿಂದ ಈ ಮಾತೆಲ್ಲ ಅಲ್ಲಿಗಷ್ಟೇ. ಅಟ್ಟಣೆಯ ಮೇಲೆ ಕಾದು ಕೂತು ಒಂದೇ ಗುಂಡು ಹಾರಿಸುವವನಾದರೆ, ನಿಮ್ಮ ತಮ್ಮ ಬೋಲ್ಟ್-ಆ್ಯಕ್ಷನ್ ಕೊಂಡು ಉಳಿದ ಹಣವನ್ನು ಒಳ್ಳೆಯ ಸ್ಕೋಪಿಗೆ ಹಾಕಲಿ.