ಸಾಲದ ಪದಗಳೂ ಅನುವಾದಕಿಯ ಅಂಜಿಕೆಯೂ: ಒಂದು ಆಪ್ತಸಲಹೆ ಪ್ರಕರಣ

ಸಲಹಾರ್ಥಿಯು ಸ್ವೀಡನ್ನಿನಲ್ಲಿ ನೆಲೆಸಿರುವ, ಲೆಕ್ಕಶಾಸ್ತ್ರ ಓದಿದ ಕನ್ನಡತಿ. ಅಲ್ಲಿನ ಕಂಪನಿಗಳ ವಾರ್ಷಿಕ ವರದಿಗಳನ್ನು ಇಂಗ್ಲಿಷಿಗೆ ಅನುವಾದಿಸುತ್ತಾರೆ. (ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.) ಸಾಲ ಮರುಪಾವತಿಯನ್ನು ಸೂಚಿಸುವ 'ಅಮೊರ್ತೇರಿಂಗ್' ಎಂಬುದನ್ನು ಅವರು 'ಅಮಾರ್ಟೈಸೇಷನ್' ಎಂದು ಬರೆದಿದ್ದರು. ಇಂಗ್ಲಿಷ್ ಓದುಗರೊಬ್ಬರು ಅದನ್ನು ಪೇಟೆಂಟಿನಂಥ ಅಮೂರ್ತ ಆಸ್ತಿಗಳ ಮೌಲ್ಯ ಇಳಿಸುವ ವೆಚ್ಚವೆಂದು ತಿಳಿದು ಆಕ್ಷೇಪಿಸಿದರು. ಆ ಬಳಿಕ ಒಪ್ಪಿಸಿದ ಕೆಲಸವನ್ನೂ ನಡುರಾತ್ರಿ ಎದ್ದು ಮತ್ತೆ ಮತ್ತೆ ಪರಿಶೀಲಿಸುವುದು ಅವರಿಗೆ ರೂಢಿಯಾಯಿತು. ಹೊಸ ಕೆಲಸ ಒಪ್ಪಿಕೊಳ್ಳಲು ಧೈರ್ಯ ಬರುತ್ತಿರಲಿಲ್ಲ.

ಇಂಥ ದೂರಿಗೆ ಮೊದಲು ಉಸಿರಾಟದ ಅಭ್ಯಾಸ ಹೇಳಿಕೊಡುವುದು ನಮ್ಮಲ್ಲಿ ವಾಡಿಕೆ. ನಾನು ಹಾಗೆ ಮಾಡಲಿಲ್ಲ, ಏಕೆಂದರೆ ಅವರ ಭಯದಲ್ಲಿ ಒಂದು ಪಾಲು ನ್ಯಾಯವಾದುದೇ ಆಗಿತ್ತು. ಸ್ವೀಡಿಷ್ 'ಮಿಲಿಯಾರ್ಡ್' ಇಂಗ್ಲಿಷಿನ ಬಿಲಿಯನ್‌ಗೆ ಸಮ, 'ಬಿಲಿಯೂನ್' ಟ್ರಿಲಿಯನ್‌ಗೆ ಸಮ. ಅಲ್ಲಿ ಕಣ್ತಪ್ಪಿದರೆ ಸಾಲದ ಮೊತ್ತ ಸಾವಿರ ಪಟ್ಟು ಏರುಪೇರಾಗುತ್ತದೆ. ಈ ಬಗೆಯ ಅಂಜಿಕೆಗೆ ಮದ್ದು ಒಂದು ಪಟ್ಟಿ: ಮೊತ್ತ, ಸ್ವೀಡಿಷ್‌ನಲ್ಲಿ ದಶಮಾಂಶ ಬಿಂದುವಿನ ಬದಲು ಬರುವ ಅಲ್ಪವಿರಾಮ, ಅಮೊರ್ತೇರಿಂಗ್‌ನಂಥ ಪದಗಳು. ಇವನ್ನು ಒಪ್ಪಿಸುವ ಮುನ್ನ ಒಮ್ಮೆ ನೋಡಿದರೆ ಸಾಕು.

ಅವರನ್ನು ನಿಜವಾಗಿ ಕಾಡುತ್ತಿದ್ದುದು ಇನ್ನೊಂದು ಬಗೆಯದು. ಕಂಪನಿಯು ತನ್ನ ಚರ ವ್ಯವಹಾರ ಆಸ್ತಿಯ ಮೇಲೆ ನಿರ್ದಿಷ್ಟ ಕ್ರೋನಾ ಮೊತ್ತಕ್ಕೆ ನೋಂದಣಿ ಮಾಡಿಸಿ, ಶೇ. 1ರ ಮುದ್ರಾಂಕ ಶುಲ್ಕ ತೆತ್ತು ಪಡೆಯುವ ಹಕ್ಕುಪತ್ರವನ್ನು ಬ್ಯಾಂಕಿಗೆ ಅಡವಿಡುವ ವ್ಯವಸ್ಥೆಯೊಂದು ಸ್ವೀಡನ್ನಿನಲ್ಲಿದೆ. ಈಗ ಅದನ್ನು ನಿಯಂತ್ರಿಸುವುದು 2008ರ ಕಾನೂನು. ಹಲವರು ಇದನ್ನು ಇಂಗ್ಲಿಷಿನಲ್ಲಿ 'ಫ್ಲೋಟಿಂಗ್ ಚಾರ್ಜ್' (ಕಂಪನಿಯ ಬದಲಾಗುತ್ತಲೇ ಇರುವ ಆಸ್ತಿಯ ಮೇಲಿನ ಸಾಲದ ಭದ್ರತೆ) ಎನ್ನುತ್ತಾರೆ. ಆದರೆ ಇಂಗ್ಲೆಂಡಿನ ಫ್ಲೋಟಿಂಗ್ ಚಾರ್ಜ್ ಹುಟ್ಟುವುದು ಸಾಲ ಪಡೆಯುವವರ ಮತ್ತು ಕೊಡುವವರ ನಡುವಿನ ಒಪ್ಪಂದದಿಂದ; ಅದಕ್ಕೆ ಇಂತಿಷ್ಟೇ ಎಂಬ ಮೊತ್ತ ಬೇಕಿಲ್ಲ, ಅಡವಿಡಲು ಅಂಥ ಪತ್ರವೂ ಇಲ್ಲ. ಸರಿಯಾದ ಒಂದು ಪದ ಎಲ್ಲೋ ಇದೆ, ತನಗೆ ಮಾತ್ರ ಸಿಗುತ್ತಿಲ್ಲ ಎಂದು ಸಲಹಾರ್ಥಿ ನಂಬಿದ್ದರು. ಎರಡು ಕಾನೂನುಗಳ ನಡುವಿನ ಅಂತರವನ್ನು ತಮ್ಮ ಕೊರತೆಯೆಂದು ಹೊತ್ತುಕೊಂಡಿದ್ದರು ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಇಂಥ ಕಡೆ ಹುಡುಕಾಟ ನಿಲ್ಲಿಸಿ ತೀರ್ಮಾನ ಕೈಗೊಳ್ಳಲು ಹೇಳಿದೆ: ಓದುಗರು ಬ್ರಿಟಿಷರೋ ಅಮೆರಿಕನ್ನರೋ ಎಂದು ಗ್ರಾಹಕರನ್ನು ಕೇಳುವುದು, ಹತ್ತಿರದ ಪದವನ್ನು ಆರಿಸಿ ಮೊದಲ ಬಳಕೆಯಲ್ಲೇ ಸ್ವೀಡಿಷ್ ಹೆಸರನ್ನೂ ಒಂದು ವಾಕ್ಯದ ವಿವರಣೆಯನ್ನೂ ಕೊಡುವುದು, ಸಾಲದ ಭದ್ರತೆಗೆ ಸಂಬಂಧಿಸಿದ ಪತ್ರಗಳನ್ನು ವಕೀಲರು ಓದಬೇಕೆಂದು ಒಪ್ಪಂದದಲ್ಲೇ ಬರೆಸುವುದು. ತೀರ್ಮಾನವನ್ನೂ ಅದರ ಕಾರಣವನ್ನೂ ಪುಸ್ತಕದಲ್ಲಿ ಬರೆದಿಟ್ಟು, ರಾತ್ರಿ ಸಂದೇಹ ಬಂದರೆ ಕಡತವನ್ನು ತೆರೆಯದೆ ಆ ಪುಟವನ್ನಷ್ಟೇ ಓದಬೇಕೆಂದೂ ಸೂಚಿಸಿದೆ.

ಇವುಗಳಲ್ಲಿ ವಿವರಣೆ ಕೊಡುವ ಮಾತು ಅವರಿಗೆ ಮೊದಲಿಗೆ ರುಚಿಸಲಿಲ್ಲ. ವಿವರಣೆ ಬರೆದರೆ ತನಗೆ ಪದ ಗೊತ್ತಿಲ್ಲವೆಂದು ಗ್ರಾಹಕರು ತಿಳಿದಾರು ಎಂಬ ಅಳುಕು ಅವರದು. ಮುಂದಿನ ವರದಿಯಲ್ಲಿ ಅಂಥ ವಿವರಣೆಯನ್ನು ಹಾಕಿದಾಗ ಗ್ರಾಹಕರು ಅದನ್ನು ಹಾಗೆಯೇ ಉಳಿಸಿಕೊಂಡರು. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ, ಭೇಟಿಗಳು ಮುಂದುವರಿದಿವೆ.